ಹಲಸು, ಅಪ್ಪೆ, ಮುರುಗಲು: ಫ್ರಿಜ್‌ನಲ್ಲಿಟ್ಟರೆ ಸಾಯೋ ಬೀಜಗಳನ್ನ ಹಂಚಿಕೊಳ್ಳೋದು ಹೇಗೆ?

ಶಿರಸಿ: ಮಳೆ ಶುರುವಾಗ್ತಿದ್ದಂತೆ ಜಿಲ್ಲೆಯ ಹಿತ್ತಿಲುಗಳಲ್ಲಿ ಬೀಜದ ಓಡಾಟವೂ ಶುರುವಾಗತ್ತೆ. ತವರಿಗೆ ಹೋದವರು ಮೊಗೆಕಾಯಿ ಬೀಜ ಕಟ್ಟಿಸಿಕೊಂಡು ಬರ್ತಾರೆ. ನೆಂಟರ ಮನೆಯಲ್ಲಿ ತಿಂದ ಹಲಸಿನ ಹಣ್ಣು ರುಚಿ ಅನ್ನಿಸಿದ್ರೆ ನಾಲ್ಕು ಬೇಳೆ ಚೀಲ ಸೇರತ್ತೆ. ಮೊಗೆ ಬೀಜ ಹುಟ್ಟತ್ತೆ, ಹಲಸಿನ ಬೇಳೆ ಮಾತ್ರ ಎಷ್ಟೋ ಸಲ ಮಣ್ಣಲ್ಲೇ ಕೊಳೆತು ಹೋಗತ್ತೆ. ಕೊಟ್ಟವರ ಕೈಗುಣವೂ ಅಲ್ಲ, ನೆಟ್ಟವರ ಕೈಗುಣವೂ ಅಲ್ಲ. ಎರಡನ್ನೂ ಒಂದೇ ಥರ ಒಣಗಿಸಿ, ಒಂದೇ ಥರ ಇಟ್ಟಿದ್ದೇ ಕಾರಣ.

ಬಿಸಿ, ತೇವದ ನಾಡಿನ ಗಿಡಗಳನ್ನ ಬೆಳೆಸೋರು, ಬೀಜ ಹಂಚಿಕೊಳ್ಳೋರು ತಿಳಿದಿರಬೇಕಾದ ವಿಷಯಗಳು ಇಲ್ಲಿವೆ.

ಬೀಜದಲ್ಲಿ ಎರಡು ಬಗೆ

ಮೊದಲನೇದು ಒಣಗಿಸಿ ಇಡಬಹುದಾದ ಬೀಜ. ಬದನೆ, ಬೆಂಡೆ, ಮೆಣಸಿನಕಾಯಿ, ಅವರೆ, ಅಲಸಂದೆ, ಹೀರೆ, ಮೊಗೆ, ಕುಂಬಳ ಎಲ್ಲ ಈ ಗುಂಪಿನವು. ಬೂದಿಯಲ್ಲಿ ಕಲಸಿ ಇಡೋದು, ಸಗಣಿಯ ಜತೆ ಗೋಡೆಗೆ ಮೆತ್ತಿ ಇಡೋದು ಹಿಂದಿನಿಂದ ಬಂದ ಪದ್ಧತಿ. ಚೆನ್ನಾಗಿ ಒಣಗಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟರೆ ಇವುಗಳ ಆಯುಷ್ಯ ಇನ್ನೂ ಹೆಚ್ಚತ್ತೆ.

ಎರಡನೇದು ಒಣಗಿದರೂ ಸಾಯೋ, ಹೆಚ್ಚು ತಂಪಾದರೂ ಸಾಯೋ ಬೀಜ. ಹಲಸು, ಮಾವು, ಮುರುಗಲು, ನೇರಳೆ, ಕರಿಬೇವು, ಕೋಕೋ, ಅಡಿಕೆ, ತೆಂಗು ಈ ಸಾಲಿಗೆ ಸೇರ್ತವೆ. ರಂಬೂಟಾನ್, ಮ್ಯಾಂಗೋಸ್ಟೀನ್ ಕೂಡ ಹೀಗೇ.

ಕಾಡಿನ ಬದುಕು ನೋಡಿದರೆ ಇದಕ್ಕೆ ಉತ್ತರ ಸಿಗತ್ತೆ. ಹಲಸಿನ ಹಣ್ಣು ಬೀಳೋದು ಮಳೆ ಹತ್ತಿರ ಬಂದಾಗ. ಬಿದ್ದ ಬೀಜಕ್ಕೆ ನೀರಿದೆ, ಬಿಸಿಯಿದೆ, ಕಾಯೋ ಅಗತ್ಯವೇ ಇಲ್ಲ. ಹಾಗಾಗಿ ಒಣಗಿ ಮಲಗೋ ಶಕ್ತಿ ಅದಕ್ಕೆ ಬಂದಿಲ್ಲ. ಹಣ್ಣಿನಿಂದ ಹೊರಬಂದ ದಿನದಿಂದಲೇ ಅದು ಜೀವಂತ ಸಸಿ ಇದ್ದ ಹಾಗೆ. ನೀರಿನಂಶ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಒಳಗಿನ ಜೀವಕೋಶ ಒಡೆಯತ್ತೆ, ಆಮೇಲೆ ಎಷ್ಟು ನೀರು ಹಾಕಿದರೂ ಪ್ರಯೋಜನ ಇಲ್ಲ. ಈ ಗಿಡಗಳಲ್ಲಿ ಬಹಳಷ್ಟರ ಎಳೆ ಸಸಿಗೆ ಹಿಮ ತಡೆಯೋ ಶಕ್ತಿ ಇಲ್ಲ. ಬೀಜಕ್ಕೂ ಅಷ್ಟೇ.

ಯಾವುದು ಎಷ್ಟು ದಿನ?

ಹಲಸು: ತೊಳೆಯಿಂದ ತೆಗೆದ ಬೇಳೆಯ ಅಂಟು ತೊಳೆದು ಆದಷ್ಟು ಬೇಗ ಊರಬೇಕು. ತೇವದಲ್ಲಿಟ್ಟರೆ ಸುಮಾರು ಒಂದು ತಿಂಗಳು ತಡೆಯತ್ತೆ. ತಾಯಿಬೇರು ಉದ್ದ ಇಳಿಯೋದರಿಂದ ಎತ್ತರದ ಕೊಟ್ಟೆಯಲ್ಲೇ ಹಾಕೋದು ಒಳ್ಳೇದು. ಬೇರು ಕದಲಿದರೆ ಸಸಿ ಸೊರಗತ್ತೆ.

ಮಾವು, ಅಪ್ಪೆ: ಹಣ್ಣಾದ ಕಾಯಿಯ ಗೊರಟನ್ನ ಕೆಲವೇ ವಾರದಲ್ಲಿ ಊರಬೇಕು. ಮೇಲಿನ ಗಟ್ಟಿ ಸಿಪ್ಪೆಯನ್ನ ಒಳಗಿನ ಬೀಜಕ್ಕೆ ಪೆಟ್ಟಾಗದ ಹಾಗೆ ಬಿಡಿಸಿದರೆ ಬೇಗ ಹುಟ್ಟತ್ತೆ. ಉಪ್ಪಿನಕಾಯಿಗೆ ಕೊಯ್ದ ಮಿಡಿಯೊಳಗಿನ ಬೀಜ ಬಲಿತಿರೋದಿಲ್ಲ, ಅದು ಹುಟ್ಟಲ್ಲ.

ಮುರುಗಲು: ತಾಜಾ ಬೀಜವನ್ನೇ ಹಾಕಬೇಕು. ಮೊಳಕೆ ಬರೋದು ನಿಧಾನ, ತಾಳ್ಮೆ ಬೇಕು. ಅದರದೇ ಕುಲದ ಉಪ್ಪಾಗೆ ಹುಟ್ಟೋಕೆ ಹಲವು ತಿಂಗಳೇ ಬೇಕಾಗತ್ತೆ. ಹುಟ್ಟಲಿಲ್ಲ ಅಂತ ಕೊಟ್ಟೆ ಸುರಿದುಬಿಡೋದು ಬೇಡ.

ಕರಿಬೇವು: ಕಪ್ಪಾದ ಹಣ್ಣಿನ ತಿರುಳು ತೆಗೆದು ಕೂಡಲೇ ಹಾಕಬೇಕು. ಮೂರು ವಾರ ದಾಟಿದರೆ ಹುಟ್ಟೋದು ಕಷ್ಟ.

ನೇರಳೆ: ಎರಡು ವಾರದ ಒಳಗೆ.

ಕೋಕೋ, ಮ್ಯಾಂಗೋಸ್ಟೀನ್: ಹಣ್ಣಿನಿಂದ ತೆಗೆದ ಮೇಲೆ ಲೆಕ್ಕ ದಿನಗಳದ್ದು, ವಾರಗಳದ್ದಲ್ಲ. ದೂರ ಕಳಿಸೋದಾದರೆ ಹಣ್ಣನ್ನೇ ಇಡಿಯಾಗಿ ಕಳಿಸಬೇಕು.

ಕಳಿಸೋದು ಹೇಗೆ?

ಬೀಜ ತೊಳೆದು, ನೆರಳಲ್ಲಿ ಮೇಲಿನ ನೀರು ಆರೋವಷ್ಟು ಹೊತ್ತು ಮಾತ್ರ ಬಿಡಬೇಕು. ಬಿಸಿಲಿಗೆ ಹರಡಬಾರದು. ತೆಂಗಿನ ನಾರಿನ ಪುಡಿ, ಮರದ ಹೊಟ್ಟು ಅಥವಾ ಹೊಯ್ಗೆಯನ್ನ ಸ್ವಲ್ಪ ಒದ್ದೆ ಮಾಡಿ ಅದರೊಳಗೆ ಹುದುಗಿಸಬೇಕು. ಕೈಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಅಷ್ಟು ತೇವ ಸಾಕು. ಪ್ಲಾಸ್ಟಿಕ್ ಕೊಟ್ಟೆಗೆ ಒಂದೆರಡು ತೂತು ಇರಲಿ, ಬೀಜ ಉಸಿರಾಡತ್ತೆ. ಪೂರ್ತಿ ಬಿಗಿದರೆ ಬೂಸ್ಟು ಬರತ್ತೆ.

ಬಸ್ಸಲ್ಲಿ ಕಳಿಸೋದಾದ್ರೆ ಇಂಜಿನ್ ಹತ್ತಿರ ಇಡಿಸಬೇಡಿ. ದಾರಿಯಲ್ಲೇ ಮೊಳಕೆ ಒಡೆದಿದ್ದರೆ ಗಾಬರಿ ಬೇಡ, ಬೇರು ಮುರಿಯದ ಹಾಗೆ ನೆಟ್ಟರೆ ಬದುಕತ್ತೆ.

ಬೀಜ ಕೊಟ್ಟರೆ ರುಚಿ ಕೊಟ್ಟ ಹಾಗಲ್ಲ

ಹಲಸಿನಲ್ಲಿ ಒಂದು ಮರದ ಹೂವಿಗೆ ಇನ್ನೊಂದು ಮರದ ಪರಾಗ ಸೇರತ್ತೆ. ಹಾಗಾಗಿ ಕೆಂಪು ತೊಳೆಯ ಹಲಸಿನ ಬೇಳೆ ನೆಟ್ಟರೆ ಕೆಂಪು ತೊಳೆಯೇ ಬರತ್ತೆ ಅನ್ನೋ ಖಾತ್ರಿ ಇಲ್ಲ. ಅಪ್ಪೆಯಲ್ಲೂ ಅದೇ ಕಥೆ. ಅನಂತಭಟ್ಟನ ಅಪ್ಪೆಯ ಗೊರಟಿನಿಂದ ಅನಂತಭಟ್ಟನ ಅಪ್ಪೆಯೇ ಹುಟ್ಟತ್ತೆ ಅಂತ ಹೇಳೋಕಾಗಲ್ಲ. ಮುರುಗಲಿನಲ್ಲಿ ಇನ್ನೊಂದು ತೊಡಕು. ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ವರ್ಷಗಟ್ಟಲೆ ಸಾಕಿದ ಮೇಲೆ ಗಂಡು ಅಂತ ಗೊತ್ತಾದರೆ ಹಣ್ಣಿನ ಆಸೆ ಬಿಡಬೇಕು.

ಅದಕ್ಕೇ ಇಂಥ ಮರಗಳಲ್ಲಿ ಹಂಚಬೇಕಾದ್ದು ಎರಡು: ಬೀಜದಿಂದ ಬುಡದ ಸಸಿ, ಒಳ್ಳೆ ಮರದಿಂದ ಕಸಿಕಡ್ಡಿ. ಮಾವಿನ ಕಡ್ಡಿಯಾದರೆ ಪೆನ್ಸಿಲ್ ದಪ್ಪದ್ದು ಆರಿಸಿ, ಕತ್ತರಿಸೋದಕ್ಕೆ ವಾರ ಹತ್ತು ದಿನ ಮೊದಲೇ ಎಲೆ ಸವರಿ ಬಿಡಬೇಕು. ಆಗ ತುದಿಯ ಮೊಗ್ಗು ಉಬ್ಬಿರತ್ತೆ. ಕಡಿದ ಕಡ್ಡಿಯನ್ನ ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೇಲೆ ಬಾಳೆ ಎಲೆ ಅಥವಾ ಪ್ಲಾಸ್ಟಿಕ್ ಸುತ್ತಿದರೆ ಮೂರ್ನಾಲ್ಕು ದಿನ ತಡೆಯತ್ತೆ. ಗಾಳಿಯಲ್ಲಿ ತೇವ ಇರೋ ಮಳೆಗಾಲದಲ್ಲಿ ಕಸಿ ಚೆನ್ನಾಗಿ ಹತ್ತತ್ತೆ.

ತುಮಕೂರು ಜಿಲ್ಲೆಯ ಚೇಳೂರಿನ 'ಸಿದ್ದು ಹಲಸು' ಹೀಗೇ ಹರಡಿದ್ದು. ಕೆಂಪು ತೊಳೆಯ ಒಂದೇ ಮರ, ರೈತರ ಜಮೀನಿನದ್ದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದನ್ನ ಗುರುತಿಸಿ, ಕಸಿ ಗಿಡ ಮಾಡಿ ಹಂಚೋಕೆ ದಾರಿ ಮಾಡಿತು.

ಎಳೆ ಗಿಡಕ್ಕೆ ಚಳಿ ತಾಗದಂತೆ

ನಮ್ಮ ಘಟ್ಟದ ಮೇಲಿನ ಊರುಗಳಲ್ಲಿ ನೀರು ಹೆಪ್ಪುಗಟ್ಟೋವಂಥ ಚಳಿ ಇಲ್ಲ. ಆದರೂ ಕರಾವಳಿಯಿಂದ ತಂದ ಗಿಡ ಡಿಸೆಂಬರ್-ಜನವರಿಯಲ್ಲಿ ಮಂಕಾಗೋದು ಇದೆ. ಕೋಕೋ, ರಂಬೂಟಾನ್, ಮ್ಯಾಂಗೋಸ್ಟೀನ್‌ನಂಥ ಗಿಡ ಹೆಪ್ಪುಗಟ್ಟುವ ಚಳಿ ಬರುವ ಮೊದಲೇ ನರಳತ್ತೆ. ಎಲೆ ಕಂದತ್ತೆ, ಚಿಗುರು ನಿಲ್ಲತ್ತೆ.

ಇಂಥ ಗಿಡವನ್ನ ಅಡಿಕೆ ತೋಟದ ನೆರಳಲ್ಲಿ ಅಥವಾ ಬಿಸಿಲು ಬೀಳೋ ಗೋಡೆಯ ಮಗ್ಗುಲಲ್ಲಿ ನೆಡೋದು ಒಳ್ಳೇದು. ಬುಡಕ್ಕೆ ದರಕು ಹೊದಿಸಬೇಕು. ನೀರು ಬೆಳಿಗ್ಗೆ ಹಾಕಬೇಕು, ಸಂಜೆ ಬೇಡ. ಚಳಿಗಾಲದ ಹೊತ್ತಿಗೆ ಗೊಬ್ಬರ ಸುರಿದು ಎಳೆ ಚಿಗುರು ಬರಿಸಬಾರದು. ಎಲೆ ಕಂದಿತು ಅಂತ ಕೂಡಲೇ ಕಡಿಯಬೇಡಿ, ಬೇಸಿಗೆ ಬರೋವರೆಗೆ ಕಾದು ನೋಡಿ.

ಹಿಮ ಬೀಳೋ ದೇಶಗಳಲ್ಲಿರೋ ನಮ್ಮವರು ಕರಿಬೇವಿನ ಕುಂಡವನ್ನ ಚಳಿಗಾಲ ಬರೋ ಮೊದಲೇ ಮನೆಯೊಳಗೆ, ಬೆಳಕಿರೋ ಕಿಟಕಿ ಹತ್ತಿರ ತಂದಿಡಬೇಕು.

ಕಾನೂನು ಏನು ಹೇಳತ್ತೆ?

2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಪ್ರಕಾರ ರೈತರು ತಮ್ಮ ಬೀಜ ಉಳಿಸಿಕೊಳ್ಳಬಹುದು, ಬಿತ್ತಬಹುದು, ವಿನಿಮಯ ಮಾಡಬಹುದು, ಮಾರಲೂಬಹುದು. ಸಂರಕ್ಷಿತ ತಳಿಯ ಬೀಜವನ್ನ ಬ್ರ್ಯಾಂಡ್ ಹೆಸರು ಹಾಕಿ ಮಾರೋ ಹಾಗಿಲ್ಲ.

ವಿದೇಶದ ಮಕ್ಕಳಿಗೆ ಕಳಿಸೋದು ಬೇರೆ ವಿಷಯ. ಆ ದೇಶದ ನಿಯಮ ನೋಡಬೇಕು, ಹಲವು ಕಡೆ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳ್ತಾರೆ. ಕರಿಬೇವು ನಿಂಬೆ ಕುಟುಂಬದ ಗಿಡ, ನಿಂಬೆ-ಕಿತ್ತಳೆ ರೋಗ ಹರಡೋ ಕೀಟ ಇದರಲ್ಲೂ ಬದುಕತ್ತೆ. ಹಾಗಾಗಿ ಅಮೆರಿಕದಂಥ ದೇಶದಲ್ಲಿ ತಪಾಸಣೆ ಬಿಗಿ. ಸೂಟ್‌ಕೇಸಿನಲ್ಲಿ ಅಡಗಿಸಿ ಕಳಿಸೋದು ಬೇಡ.

ನೆರೆಮನೆಯೇ ಬ್ಯಾಂಕು

ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ 2008ರಲ್ಲಿ ಶುರುವಾದ ಜಾಗತಿಕ ಬೀಜ ಭಂಡಾರದಲ್ಲಿ ಬೀಜಗಳನ್ನ ಮೈನಸ್ 18 ಡಿಗ್ರಿಯಲ್ಲಿ ಇಡ್ತಾರೆ. ಭತ್ತ, ಗೋಧಿ, ಬೇಳೆಕಾಳು ಅಲ್ಲಿ ಉಳಿಯತ್ತೆ. ಹಲಸು, ಮಾವು, ಮುರುಗಲು ಆ ಚಳಿಯಲ್ಲಿ ಉಳಿಯಲ್ಲ. ಕೆಲವು ಬೀಜಗಳ ಮೊಳಕೆಯ ಭಾಗವನ್ನ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿಡೋ ವಿಧಾನ ಇದೆ, ಆದರೆ ಅದು ಪ್ರಯೋಗಾಲಯದ ಕೆಲಸ. ಉಳಿದ ದಾರಿ ಮರವನ್ನ ಮರವಾಗೇ ಉಳಿಸೋದು.

ಅಪ್ಪೆಮಿಡಿಗೆ ಜಿಐ ಟ್ಯಾಗ್ ಸಿಕ್ಕಿದೆ. ಹಾಗಂತ ಹೊಳೆ ಅಂಚಿನ ಹಳೇ ಮರಗಳಿಗೆ ರಕ್ಷಣೆ ಸಿಕ್ಕ ಹಾಗಾಗಲಿಲ್ಲ. ಮಿಡಿ ಕೊಯ್ಯೋ ಅವಸರದಲ್ಲಿ ಕೊಂಬೆಯನ್ನೇ ಕಡಿಯೋದೂ ಇದೆ. ಒಂದು ಬಗೆ ಒಂದೇ ಮರದಲ್ಲಿದ್ದು, ಆ ಮರ ಗಾಳಿಗೆ ಬಿದ್ದರೆ ಆ ವಾಸನೆ, ಆ ಹುಳಿ ಅಲ್ಲಿಗೆ ಮುಗೀತು. ಅದೇ ಮರದ ಕಸಿ ಪಕ್ಕದ ಊರಿನ ಮೂರು ಮನೆಯಲ್ಲಿದ್ದರೆ ಮತ್ತೆ ಕಡ್ಡಿ ತರಬಹುದು.

ಶಿರಸಿಯ ವನಸ್ತ್ರೀ ಸಂಘಟನೆಯ ಮಹಿಳೆಯರು ಹಿತ್ತಿಲ ಬೀಜಗಳನ್ನ ಉಳಿಸಿ ಹಂಚ್ತಾ ಬಂದಿದ್ದಾರೆ. ಅವರ ಮಲೆನಾಡು ಮೇಳದಲ್ಲಿ ಬೀಜ, ಗೆಡ್ಡೆ, ಸಸಿ ಎಲ್ಲ ಕೈಬದಲಾಗತ್ತೆ.

ಬೀಜ ಅಥವಾ ಕಡ್ಡಿ ಕೊಡುವಾಗ ಚೀಟಿಯಲ್ಲಿ ನಾಲ್ಕು ವಿಷಯ ಬರೆದಿಡಿ: ಊರಲ್ಲಿ ಕರೆಯೋ ಹೆಸರು, ಯಾವ ಮನೆಯ ಮರ, ಹಣ್ಣಿನಿಂದ ತೆಗೆದ ಅಥವಾ ಕಡ್ಡಿ ಕಡಿದ ದಿನಾಂಕ, ಒಣಗಿಸಬಹುದೋ ಇಲ್ಲವೋ. ನಿಮ್ಮ ಹಿತ್ತಿಲಿನಲ್ಲಿ ಬೇರೆಲ್ಲೂ ಕಾಣದ ಹಲಸೋ ಅಪ್ಪೆಯೋ ಇದ್ದರೆ ಈ ಮಳೆಗಾಲದಲ್ಲೇ ಕನಿಷ್ಠ ಎರಡು ಮನೆಗೆ ಅದರ ಕಸಿ ತಲುಪಲಿ.