ಕೂಗಲೂ ಆಲಿಸಲೂ ಒಂದೇ ತಂತಿ

1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾಯಿತು. ಕುಂದಗೋಳ, ಕಲಘಟಗಿ, ನವಲಗುಂದ, ಅಣ್ಣಿಗೇರಿಗಳ ಸುತ್ತಿನ ಹಳ್ಳಿಗಳಲ್ಲಿ ರೇಡಿಯೊ ಎಂದರೆ ಕೇಳುವ ಪೆಟ್ಟಿಗೆ ಎಂಬ ಅರ್ಥವೇ ನಿಂತಿತು. ಧಾರವಾಡದ ಕಂಬ ಹೇಳುತ್ತದೆ, ಮನೆಯ ಪೆಟ್ಟಿಗೆ ಕೇಳುತ್ತದೆ. ಒಂದರ ಕೆಲಸ ಇನ್ನೊಂದಕ್ಕಿಲ್ಲ. ಹ್ಯಾಮ್ ಎಂದು ಕರೆಸಿಕೊಳ್ಳುವ ಹವ್ಯಾಸಿ ರೇಡಿಯೊದವರ ಸ್ಥಿತಿ ಹಾಗಲ್ಲ. ಎರಡು ಬೇವಿನ ಮರಗಳ ನಡುವೆ ಕಟ್ಟಿದ ಒಂದೇ ತಂತಿಯಿಂದ ಅವರು ಹೇಳಲೂ ಬೇಕು, ಕೇಳಲೂ ಬೇಕು. ಕೂಗಿದಾಗ ತನ್ನದೇ ಕಿವಿಯ ಪರದೆ ಹರಿಯದಂತೆ ನೋಡಿಕೊಳ್ಳುವುದು ಹೇಗೆ? ಈ ಪ್ರಶ್ನೆಗೆ ನೂರು ವರ್ಷ ಮೀರಿದ ಇತಿಹಾಸವಿದೆ.

ಸಮಸ್ಯೆಯ ಗಾತ್ರವನ್ನು ಮೊದಲು ಲೆಕ್ಕ ಹಾಕಿ ನೋಡಿ. ಹ್ರಸ್ವತರಂಗದ ಗ್ರಾಹಕದಲ್ಲಿ ‘ಎಸ್-9’ ಎಂದು ಮಾಪಕ ತೋರಿಸಿದರೆ ಅದು ಜೋರಾದ ಸಂಕೇತವೇ. ಅದರ ವೋಲ್ಟತೆ ಕೇವಲ 50 ಮೈಕ್ರೊವೋಲ್ಟ್. 50 ಓಮ್ ರೋಧದಲ್ಲಿ ಅದು 50 ಪಿಕೊವ್ಯಾಟ್ ಆಗುತ್ತದೆ. ಅದೇ ಆಂಟೆನಾಕ್ಕೆ ಪ್ರೇಷಕವು ಉಣಿಸುವುದು ಸಾಮಾನ್ಯವಾಗಿ 100 ವ್ಯಾಟ್, ಅಂದರೆ ಸುಮಾರು 71 ವೋಲ್ಟ್. ವ್ಯಾಟ್‌ಗಳಲ್ಲಿ ಹೋಲಿಸಿದರೆ ಎರಡು ಲಕ್ಷ ಕೋಟಿ ಪಟ್ಟು ಅಂತರ!

ಕಿಡಿ ಪ್ರೇಷಕಗಳ ಕಾಲದಲ್ಲಿ ಗ್ರಾಹಕದ ಸೂಕ್ಷ್ಮ ಭಾಗವೆಂದರೆ ಸ್ಫಟಿಕ ಶೋಧಕ. ಜಗದೀಶಚಂದ್ರ ಬೋಸರು ಗೆಲೀನ ಶೋಧಕಕ್ಕೆ ಅಮೆರಿಕದ ಪೇಟೆಂಟ್ ಪಡೆದದ್ದು 1904ರಲ್ಲಿ. ಮುಂದೆ ಬಳಕೆಗೆ ಬಂದ ಗೆಲೀನ ಗ್ರಾಹಕಗಳಲ್ಲಿ ಹರಳಿನ ಮೇಲೆ ನವಿರಾದ ತಂತಿಯ ತುದಿಯನ್ನು ಊರಿ, ಸರಿಯಾದ ಬಿಂದುವನ್ನು ತಾಳ್ಮೆಯಿಂದ ಹುಡುಕಬೇಕಿತ್ತು. ಪಕ್ಕದ ಪ್ರೇಷಕ ಒಮ್ಮೆ ಕಿಡಿ ಹಾರಿಸಿದರೆ ಆ ಬಿಂದು ಕೆಟ್ಟಿತೆಂದೇ ಲೆಕ್ಕ, ಮತ್ತೆ ಹುಡುಕಾಟ. ಆದ್ದರಿಂದ ಕಳಿಸುವ ಮುನ್ನ ಶೋಧಕವನ್ನು ಸ್ವಿಚ್ಚಿನಿಂದ ಬೇರ್ಪಡಿಸುವುದು ನಿರ್ವಾಹಕನ ಕೆಲಸವಾಗಿತ್ತು. ಮರೆತರೆ ಗತಿಯೇನು?

ಮಾರ್ಕೊನಿ ಕಂಪನಿಯ ಕೇಂದ್ರಗಳಲ್ಲಿ ಬಳಸಿದ ಒಂದು ಉಪಾಯ ಇಂದಿಗೂ ಮೆಚ್ಚುವಂಥದು. ಆಂಟೆನಾದಿಂದ ಭೂಮಿಗಿಳಿಯುವ ದಾರಿಯಲ್ಲಿ ಎರಡು ಲೋಹದ ಬಿಲ್ಲೆಗಳನ್ನು ಬಹು ಕಿರಿದಾದ ಸಂದು ಬಿಟ್ಟು ಜೋಡಿಸಿ, ಆ ಸಂದಿನ ಎರಡೂ ಬದಿಗೆ ಗ್ರಾಹಕವನ್ನು ಸೇರಿಸುತ್ತಿದ್ದರು. ದೂರದಿಂದ ಬಂದ ಕ್ಷೀಣ ವಿದ್ಯುತ್ತಿಗೆ ಸಂದು ಹಾರುವ ಶಕ್ತಿಯಿಲ್ಲ. ಗ್ರಾಹಕದ ಮೂಲಕವೇ ಹೋಗಬೇಕು. ಪ್ರೇಷಕದ ಭಾರಿ ವಿದ್ಯುತ್ತು ಮಾತ್ರ ಸಂದಿನಲ್ಲಿ ಕಿಡಿಯಾಗಿ ಹಾರಿ ನೇರ ಭೂಮಿ ಸೇರುತ್ತದೆ. ಕಾವಲುಗಾರನನ್ನು ಎಚ್ಚರಿಸುವುದು ಅಪಾಯವೇ. ನಿರ್ವಾಹಕನ ನೆನಪಿನ ಮೇಲೆ ಏನೂ ನಿಂತಿಲ್ಲ.

ಇದೇ ತತ್ತ್ವ ರಾಡಾರ್‌ನಲ್ಲಿ ಮರುಹುಟ್ಟು ಪಡೆಯಿತು. ಬ್ರಿಟನ್ನಿನ ‘ಚೈನ್ ಹೋಮ್’ ರಾಡಾರ್‌ನಲ್ಲಿ ಕಳಿಸಲು ಬೇರೆ, ಕೇಳಲು ಬೇರೆ ಗೋಪುರಗಳಿದ್ದವು. ಅಮೆರಿಕದ ನೌಕಾ ಸಂಶೋಧನಾಲಯದಲ್ಲಿ ರಾಬರ್ಟ್ ಪೇಜ್ ಮತ್ತು ಲಿಯೊ ಯಂಗ್ 1936ರಲ್ಲಿ ಒಂದೇ ಆಂಟೆನಾ ಸಾಕಾಗುವಂತೆ ಮಾಡಿದರು. ಯುದ್ಧದ ಆರಂಭದ ವರ್ಷಗಳಲ್ಲಿ ಬ್ರಿಟನ್ನಿನ ಸಟ್ಟನ್ ಸಿದ್ಧಪಡಿಸಿದ ನಳಿಕೆಯಲ್ಲಿ ಗಾಳಿಯ ಸಂದಿನ ಬದಲು ಕಡಮೆ ಒತ್ತಡದ ಅನಿಲವಿತ್ತು. ಪ್ರೇಷಕದ ಮಿಡಿತ ಬಂದೊಡನೆ ಅನಿಲ ಅಯಾನೀಕರಣಗೊಂಡು ದಾರಿ ಮುಚ್ಚುತ್ತಿತ್ತು. ಮಿಡಿತ ಮುಗಿದೊಡನೆ ತೆರೆಯುತ್ತಿತ್ತು. ಹಿಂದೆ ಕಾಯುತ್ತಿದ್ದುದು, ಮತ್ತೆ, ಒಂದು ಸ್ಫಟಿಕ ಡಯೋಡೇ!

ಇಲ್ಲಿ ವಿದ್ಯಾರ್ಥಿಗಳು ನಿಂತು ಯೋಚಿಸಬೇಕಾದ ಅಂಶವಿದೆ. ದಾರಿಯನ್ನು ಮುಚ್ಚುವುದೆಂದರೆ ತಂತಿಗಳನ್ನು ಹ್ರಸ್ವಮಂಡಲ ಮಾಡುವುದು. ಹಾಗಾದರೆ ಪ್ರೇಷಕದ ಶಕ್ತಿಯೂ ಅಲ್ಲೇ ಸೋರಿಹೋಗಬೇಡವೆ? ಅಲೆಯುದ್ದದ ಕಾಲು ಭಾಗದಷ್ಟು ಕೇಬಲ್ಲಿನ ಒಂದು ತುದಿಯನ್ನು ಹ್ರಸ್ವಮಂಡಲ ಮಾಡಿದರೆ, ಇನ್ನೊಂದು ತುದಿ ಆ ಆವೃತ್ತಿಗೆ ಬಾಗಿಲೇ ಇಲ್ಲದ ಗೋಡೆಯಂತೆ ತೋರುತ್ತದೆ. ಶಕ್ತಿ ಆ ಕವಲಿಗೆ ತಿರುಗದೆ ಆಂಟೆನಾಕ್ಕೆ ಹೋಗುತ್ತದೆ. 7.1 ಮೆಗಾಹರ್ಟ್ಸ್‌ನಲ್ಲಿ ಕಾಲು ಅಲೆಯುದ್ದ ಸುಮಾರು 10.6 ಮೀಟರ್, ಪಾಲಿಥೀನ್ ತುಂಬಿದ ಕೇಬಲ್ಲಿನಲ್ಲಿ ಅಲೆಯ ವೇಗ ಬೆಳಕಿನ ವೇಗದ 0.66ರಷ್ಟಾದ್ದರಿಂದ 7 ಮೀಟರ್ ಸಾಕು.

ಹ್ಯಾಮ್‌ಗಳು ಬಹುಕಾಲ ಕೈಯಿಂದ ಎಳೆಯುವ ಕತ್ತಿ ಸ್ವಿಚ್ಚನ್ನೇ ನೆಚ್ಚಿದ್ದರು. ಬಳಿಕ ರಿಲೇ ಬಂತು. ರಿಲೇ ನಿಧಾನಿ, ಅದರ ನಾಲಿಗೆ ಅತ್ತಿಂದಿತ್ತ ಹೊರಳಲು ಹತ್ತಾರು ಮಿಲಿಸೆಕೆಂಡ್ ಬೇಕು. ಅಷ್ಟರೊಳಗೆ ಪ್ರೇಷಕ ಶಕ್ತಿ ಸುರಿದರೆ ಸಂಪರ್ಕಬಿಂದುವೂ ಸುಡುತ್ತದೆ, ಗ್ರಾಹಕವೂ ಹೋಗುತ್ತದೆ. ಮೊದಲು ಗ್ರಾಹಕ ಬೇರ್ಪಡಬೇಕು, ಆಮೇಲೆ ಆಂಟೆನಾ ಹೊರಳಬೇಕು, ಕೊನೆಗೆ ಶಕ್ತಿ ಬರಬೇಕು. ಕಾಲಿನ್ಸ್ ಕಂಪನಿಯ ಕೆಡಬ್ಲ್ಯುಎಂ-1ರಂತಹ, ಪ್ರೇಷಕ-ಗ್ರಾಹಕ ಕೂಡಿದ ಪೆಟ್ಟಿಗೆಗಳು 1957ರ ಸುಮಾರಿಗೆ ಬಂದಾಗ ಈ ಕ್ರಮವೆಲ್ಲ ಒಳಗೇ ಅಡಗಿತು. ಸಮಸ್ಯೆ ತೀರಿತೆಂದು ಅನೇಕರು ತಿಳಿದರು.

ಅದು ಮರಳಿ ಬಂದದ್ದು ಅಗ್ಗದ ಗ್ರಾಹಕದ ಜೊತೆಗೆ. ಟಿ.ವಿ. ನೋಡಲೆಂದು ತಯಾರಾದ ಯುಎಸ್‌ಬಿ ಕಡ್ಡಿಗಳನ್ನು ಕಂಪ್ಯೂಟರಿಗೆ ಚುಚ್ಚಿ ರೇಡಿಯೊ ಗ್ರಾಹಕವಾಗಿ ಬಳಸಬಹುದೆಂದು 2012ರ ಹೊತ್ತಿಗೆ ಪ್ರಚಾರವಾಯಿತು. ತಾಲ್ಲೂಕಿನ ಕಾಲೇಜಿನ ಪ್ರಯೋಗಾಲಯಕ್ಕೂ ಇವು ಎಟುಕುತ್ತವೆ. ಆದರೆ ಇಂಥ ಕಡ್ಡಿ ತಾಳುವುದು 10 ಮಿಲಿವ್ಯಾಟ್ ಆಸುಪಾಸು. ಆಂಟೆನಾ ಬದಲಿಸುವ ಸ್ವಿಚ್ಚೊಂದು 40 ಡೆಸಿಬೆಲ್ ಮಾತ್ರ ಬೇರ್ಪಡಿಸಿದರೆ, 100 ವ್ಯಾಟ್‌ನಲ್ಲಿ ಸೋರುವುದೂ ಸರಿಯಾಗಿ 10 ಮಿಲಿವ್ಯಾಟ್. ಬೇರೆಯೇ ತಂತಿ ಕಟ್ಟಿದ್ದೇನೆಂದು ನಿಶ್ಚಿಂತರಾಗಬೇಡಿ. ಹಿತ್ತಿಲಿನ ಎರಡು ತಂತಿಗಳ ನಡುವೆ 30 ಡೆಸಿಬೆಲ್ ಅಂತರವಷ್ಟೇ ಇದ್ದರೆ 100 ಮಿಲಿವ್ಯಾಟ್ ಬಂದಿಳಿಯುತ್ತದೆ.

ಸುಲಭದ ಕಾವಲೆಂದರೆ ಎರಡು ಸಿಲಿಕಾನ್ ಡಯೋಡುಗಳನ್ನು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಗ್ರಾಹಕದ ಬಾಯಿಗೆ ಅಡ್ಡಲಾಗಿ ಜೋಡಿಸುವುದು. 0.7 ವೋಲ್ಟ್ ಸುಮಾರಿಗೆ ಅವು ವಹಿಸತೊಡಗುತ್ತವೆ: ಮಾರ್ಕೊನಿಯ ಸಂದೇ ಹೊಸ ವೇಷದಲ್ಲಿ! ಹಿಂದಿನವರು ಇದರ ಮುಂದೆ ಒಂದು ಪುಟ್ಟ ಬಲ್ಬನ್ನು ಸರಣಿಯಲ್ಲಿ ಹಾಕುತ್ತಿದ್ದರು. ತಣ್ಣಗಿದ್ದಾಗ ಅದರ ರೋಧ ಅಲ್ಪ, ಕಾದಾಗ ಹೆಚ್ಚು. ಡಯೋಡು ಸುಡುವ ಮೊದಲು ಅದು ಬೆಳಗಿ ಎಚ್ಚರಿಸುತ್ತದೆ. ಆದರೆ ಡಯೋಡಿಗೊಂದು ದೋಷವಿದೆ. ಬಲವಾದ ಪ್ರಸಾರ ಕೇಂದ್ರದ ಬಳಿ ಅದು ಇಲ್ಲದ ಸಂಕೇತಗಳನ್ನು ಹುಟ್ಟಿಸುತ್ತದೆ. ಧಾರವಾಡದ ಮಧ್ಯಮತರಂಗ ಪ್ರಸಾರ ದಶಕಗಳ ಕಾಲ 765 ಕಿಲೋಹರ್ಟ್ಸ್‌ನಲ್ಲಿ, 200 ಕಿಲೋವ್ಯಾಟ್‌ನಲ್ಲಿ ನಡೆದದ್ದು. ಅಂಥ ಗೋಪುರದ ಹತ್ತಿರ ಉದ್ದ ತಂತಿ ಕಟ್ಟಿದವರಿಗೆ ಅದರ ಮೂರು ಪಟ್ಟು ಆವೃತ್ತಿಯಲ್ಲಿ, 2295 ಕಿಲೋಹರ್ಟ್ಸ್‌ನಲ್ಲಿಯೂ ಅದೇ ಹಾಡು ಕೇಳಿಸಿದರೆ ಆಶ್ಚರ್ಯಪಡಬೇಕಿಲ್ಲ. ಡಯೋಡಿನ ಮುಂದೆ ಮಧ್ಯಮತರಂಗವನ್ನು ತಡೆಯುವ ಶೋಧಕ ಮಂಡಲ ಇರಬೇಕು.

ನಿಮ್ಮ ಕಾಲೇಜಿನಲ್ಲಿ ಪರವಾನಗಿ ಪಡೆದ ಹ್ಯಾಮ್ ಇದ್ದರೆ ಅವರ ಸಮ್ಮುಖದಲ್ಲಿ ಒಂದು ಪರೀಕ್ಷೆ ಮಾಡಿ. ಗ್ರಾಹಕವನ್ನು ಕಳಚಿ ಆ ಜಾಗದಲ್ಲಿ 50 ಓಮ್ ರೋಧಕ ಇಟ್ಟು, ಪ್ರೇಷಣ ನಡೆದಾಗ ಅದರ ಮೇಲಿನ ವೋಲ್ಟತೆಯನ್ನು ಆಸಿಲೋಸ್ಕೋಪಿನಲ್ಲಿ ನೋಡಿ. ಶಿಖರ ವೋಲ್ಟತೆ 1 ವೋಲ್ಟ್ ಎಂದರೆ 10 ಮಿಲಿವ್ಯಾಟ್. ಅದಕ್ಕಿಂತ ಸಾಕಷ್ಟು ಕೆಳಗಿದ್ದರೆ ಮಾತ್ರ ಕಡ್ಡಿಯನ್ನು ಚುಚ್ಚಿ.