ಸಿಪ್ಯಾಪ್ ಮಾಸ್ಕ್ ಮತ್ತು ಕಣ್ಣಿನ ಕೆಳಗಿನ ಬಾವು: ಕಾರಣ, ಪರಿಹಾರ

ನಿದ್ರೆಯಲ್ಲಿ ಪದೇ ಪದೇ ಉಸಿರು ಕಟ್ಟುವ ಸ್ಲೀಪ್ ಅಪ್ನಿಯ ಕಾಯಿಲೆಗೆ ಸಿಪ್ಯಾಪ್ ಯಂತ್ರ ಇಂದು ಮುಖ್ಯ ಚಿಕಿತ್ಸೆಯಾಗಿದೆ. ಆದರೆ ಇದರ ಮಾಸ್ಕ್ ಧರಿಸಿ ಮಲಗುವವರಲ್ಲಿ ಕೆಲವರಿಗೆ ಬೆಳಗ್ಗೆ ಎದ್ದಾಗ ಕಣ್ಣಿನ ಕೆಳಗೆ ಬಾವು ಕಾಣಿಸಿಕೊಳ್ಳುತ್ತದೆ. ಇದಕ್ಕೆ ಬೇಸತ್ತು ಮಾಸ್ಕನ್ನೇ ಬಿಟ್ಟುಬಿಡುವವರೂ ಇದ್ದಾರೆ. ಚಿಕಿತ್ಸೆ ನಿಂತರೆ ಉಸಿರು ಕಟ್ಟುವುದು ಮರುಕಳಿಸುತ್ತದೆ. ಹಗಲು ತೂಕಡಿಕೆ, ಏರಿದ ರಕ್ತದೊತ್ತಡ, ವಾಹನ ಚಲಾಯಿಸುವಾಗ ನಿದ್ರೆಗೆ ಜಾರುವ ಅಪಾಯ ಅದರ ಬೆನ್ನಿಗೇ ಬರುತ್ತವೆ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಈ ತೊಂದರೆಗೆ ಸ್ಥಳೀಯ ಕಾರಣಗಳೂ ಸೇರಿಕೊಳ್ಳುತ್ತವೆ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಬಿಸಿಲು, ಒಣಗಾಳಿ, ದೂಳು, ಕೊಳವೆಬಾವಿಯ ಗಡಸು ನೀರು ಇವುಗಳಲ್ಲಿ ಮುಖ್ಯ. ತಜ್ಞರನ್ನು ಕಾಣಲು ವಿಜಯಪುರ ಅಥವಾ ಸೊಲ್ಲಾಪುರಕ್ಕೆ ಹೋಗಿಬರುವುದು ಇಲ್ಲಿನ ವಾಡಿಕೆ. ಆದ್ದರಿಂದ ಮನೆಯಲ್ಲಿಯೇ ಸರಿಪಡಿಸಬಹುದಾದದ್ದು ಯಾವುದು, ವೈದ್ಯರಿಗೆ ತೋರಿಸಲೇಬೇಕಾದದ್ದು ಯಾವುದು ಎಂಬ ತಿಳಿವಳಿಕೆ ಅಗತ್ಯ.

ಯಂತ್ರದ ಕೆಲಸ

ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಶ್ವಾಸಮಾರ್ಗ ಮುಚ್ಚಿಕೊಳ್ಳುವುದೇ ಈ ಕಾಯಿಲೆಯ ಮೂಲ. ಸಿಪ್ಯಾಪ್ ಯಂತ್ರವು ಮಾಸ್ಕಿನ ಮೂಲಕ ಒತ್ತಡದ ಗಾಳಿಯನ್ನು ಸತತವಾಗಿ ಹರಿಸಿ ಆ ಮಾರ್ಗವನ್ನು ತೆರೆದಿಡುತ್ತದೆ. ಈ ಒತ್ತಡ ಸಾಮಾನ್ಯವಾಗಿ ನೀರಿನ 4ರಿಂದ 20 ಸೆಂಟಿಮೀಟರ್ ಅಳತೆಯಲ್ಲಿರುತ್ತದೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಈ ವಿಧಾನವನ್ನು ಮೊದಲು ಪ್ರಕಟಿಸಿದರು.

ಬಾವು ಬರುವುದೇಕೆ?

ಪಟ್ಟಿಯ ಬಿಗಿತ: ಕಣ್ಣಿನ ಕೆಳಗಿನ ಚರ್ಮ ಬಹಳ ತೆಳು. ಮಾಸ್ಕಿನ ಅಂಚು ಕೆನ್ನೆ ಮತ್ತು ಮೂಗಿನ ಬದಿಯನ್ನು ರಾತ್ರಿಯಿಡೀ ಒತ್ತಿದರೆ ಆ ಭಾಗದ ದ್ರವ ಹರಿದುಹೋಗಲು ಅಡ್ಡಿಯಾಗಿ ಅಲ್ಲಿಯೇ ನಿಲ್ಲುತ್ತದೆ.

ಗಾಳಿಯ ಸೋರಿಕೆ: ಮೂಗಿನ ಮೇಲ್ಭಾಗದಿಂದ ಸೋರುವ ಗಾಳಿ ಕಣ್ಣಿಗೆ ಬಡಿದರೆ ಕಣ್ಣು ಒಣಗಿ ಕೆಂಪಾಗುತ್ತದೆ, ನೀರು ಸುರಿಯುತ್ತದೆ, ರೆಪ್ಪೆ ಉಬ್ಬುತ್ತದೆ. ಕೆಲವರಲ್ಲಿ ಕಣ್ಣೀರಿನ ನಾಳದ ಮೂಲಕ ಮೂಗಿನಿಂದಲೇ ಗಾಳಿ ಕಣ್ಣಿಗೆ ಏರುವುದುಂಟು.

ಅಲರ್ಜಿ ಮತ್ತು ಕೊಳೆ: ಬೆವರು, ಎಣ್ಣೆ, ದೂಳು ಕೂಡಿದ ಮಾಸ್ಕ್ ಚರ್ಮವನ್ನು ಕೆರಳಿಸುತ್ತದೆ. ದೂಳಿನ ಅಲರ್ಜಿಯಿಂದ ಮೂಗು ಕಟ್ಟಿದವರಲ್ಲಿ ಮಾಸ್ಕ್ ಇಲ್ಲದೆಯೂ ಕಣ್ಣಿನ ಸುತ್ತ ಊತ ಬರುತ್ತದೆ.

ಉಪ್ಪು: ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರು ದಿನಕ್ಕೆ ಸೇವಿಸುವ ಉಪ್ಪು 5 ಗ್ರಾಂಗಿಂತ ಕಡಿಮೆ ಇರಬೇಕು. ರಾತ್ರಿ ಊಟದಲ್ಲಿ ರೊಟ್ಟಿಯ ಜೊತೆ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಹೆಚ್ಚಾದರೆ ಬೆಳಗಿನ ಬಾವೂ ಹೆಚ್ಚುತ್ತದೆ.

ಮನೆಯಲ್ಲಿ ಮಾಡಬೇಕಾದದ್ದು

ಮಾಸ್ಕನ್ನು ಕುಳಿತು ಹೊಂದಿಸಬಾರದು. ಯಂತ್ರ ಚಾಲೂ ಮಾಡಿ, ಮಲಗುವ ಭಂಗಿಯಲ್ಲಿಯೇ ಪಟ್ಟಿಗಳನ್ನು ಸರಿಪಡಿಸಬೇಕು. ಮೊದಲು ಸಡಿಲವಾಗಿಟ್ಟು, ಸೋರಿಕೆ ನಿಲ್ಲುವವರೆಗೆ ಮಾತ್ರ ಎರಡೂ ಬದಿ ಸಮನಾಗಿ ಬಿಗಿ ಮಾಡಬೇಕು. ಪಟ್ಟಿಯ ಕೆಳಗೆ ಬೆರಳು ಸಲೀಸಾಗಿ ಹೋಗುವಷ್ಟು ಜಾಗವಿರಲಿ. ಸೋರಿಕೆ ಕಂಡೊಡನೆ ಇನ್ನಷ್ಟು ಬಿಗಿಯುವುದು ಸಾಮಾನ್ಯ ತಪ್ಪು. ಮಾಸ್ಕನ್ನು ಮುಖದಿಂದ ತುಸು ಎತ್ತಿ ಮತ್ತೆ ಕೂರಿಸಿದರೆ ಅದರ ಮೆತ್ತೆ ಗಾಳಿ ತುಂಬಿಕೊಂಡು ತಾನೇ ಹೊಂದಿಕೊಳ್ಳುತ್ತದೆ.

ಮುಖಕ್ಕೆ ಕೊಬ್ಬರಿ ಎಣ್ಣೆ ಅಥವಾ ಕ್ರೀಮ್ ಹಚ್ಚಿ ಮಾಸ್ಕ್ ಧರಿಸಿದರೆ ಅದು ಜಾರಿ ಸೋರುತ್ತದೆ. ಮುಖ ತೊಳೆದು ಒರೆಸಿಕೊಂಡೇ ಧರಿಸಬೇಕು. ಮಾಸ್ಕಿನ ಮೆತ್ತೆಯನ್ನು ದಿನವೂ ಮೃದು ಸಾಬೂನಿನಿಂದ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಮೆತ್ತೆ ಗಟ್ಟಿಯಾಗಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಹೊಸದನ್ನು ಹಾಕಬೇಕು.

ಗಾಳಿಗೆ ತೇವ ಕೂಡಿಸುವ ಹ್ಯುಮಿಡಿಫೈಯರ್ ಇದ್ದರೆ ಅದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಿ, ನೀರನ್ನು ದಿನವೂ ಬದಲಿಸಬೇಕು. ಕೊಳವೆಬಾವಿಯ ನೀರಿನಿಂದ ತೊಟ್ಟಿಯಲ್ಲಿ ಬಿಳಿ ಪದರ ಕಟ್ಟುತ್ತದೆ. ವಾಹನದ ಬ್ಯಾಟರಿಗೆಂದು ಮಾರುವ ನೀರು ಉಸಿರಾಟದ ಯಂತ್ರಕ್ಕೆ ತಯಾರಾದದ್ದಲ್ಲ.

ತಲೆಯ ಭಾಗವನ್ನು ಸ್ವಲ್ಪ ಎತ್ತರಿಸಿ ಮಲಗಿದರೆ ಮುಖದಲ್ಲಿ ದ್ರವ ನಿಲ್ಲುವುದು ಕಡಿಮೆಯಾಗುತ್ತದೆ. ಬೋರಲಾಗಿ ಮಲಗಿದರೆ ದಿಂಬು ಮಾಸ್ಕನ್ನು ಒತ್ತುತ್ತದೆ. ಬೆಳಗ್ಗೆ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲೆ ಹತ್ತು ನಿಮಿಷ ಇಟ್ಟುಕೊಂಡರೆ ಹಿತವೆನಿಸುತ್ತದೆ.

ಮಾಡಬಾರದ್ದು

ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಊಟಕ್ಕೆ ಅದರ ರುಚಿ ಸರಿ, ಆದರೆ ಕಣ್ಣಿನ ಸುತ್ತ ಲಿಂಬೆರಸ ಹಚ್ಚುವುದು ಅಪಾಯ. ರಸ ಕಣ್ಣನ್ನು ಉರಿಸುತ್ತದೆ. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪಾಗಬಹುದು. ಔಷಧ ಅಂಗಡಿಯಿಂದ ಸ್ಟೀರಾಯ್ಡ್ ಹನಿ ಅಥವಾ ಮುಲಾಮನ್ನು ಚೀಟಿಯಿಲ್ಲದೆ ತಂದು ಬಳಸಿದರೆ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿಗೇ ಕುತ್ತು ಬರಬಹುದು. ಯಂತ್ರದ ಗಾಳಿಯ ಒತ್ತಡವನ್ನು ಸ್ವಂತವಾಗಿ ಇಳಿಸುವುದೂ ಸಲ್ಲದು.

ವೈದ್ಯರಲ್ಲಿ ಕೇಳಬೇಕಾದದ್ದು

ಇಷ್ಟಾದರೂ ಬಾವು ತಗ್ಗದಿದ್ದರೆ ಮಾಸ್ಕಿನ ಬಗೆ ಬದಲಿಸಬಹುದೇ ಎಂದು ವಿಚಾರಿಸಬೇಕು. ಮೂಗಿನ ಹೊಳ್ಳೆಗಳಿಗಷ್ಟೇ ಕೂರುವ ನೇಸಲ್ ಪಿಲ್ಲೋ ಮಾದರಿ ಕಣ್ಣಿನ ಹತ್ತಿರ ಒತ್ತುವುದಿಲ್ಲ. ಆದರೆ ಬಾಯಿ ತೆರೆದು ಮಲಗುವವರಿಗೆ ಅದು ಹೊಂದದೇ ಇರಬಹುದು. ಮೂಗು ಕಟ್ಟುವಿಕೆಗೆ ಚಿಕಿತ್ಸೆ, ಒತ್ತಡದ ಮರುಪರಿಶೀಲನೆ ಕೂಡ ನೆರವಾಗುತ್ತವೆ. ವಿಜಯಪುರದ ಬಿಎಲ್‌ಡಿಇ ಮತ್ತು ಅಲ್ ಅಮೀನ್ ವೈದ್ಯಕೀಯ ಕಾಲೇಜುಗಳು ಜಿಲ್ಲೆಯ ದೊಡ್ಡ ವೈದ್ಯಕೀಯ ಕೇಂದ್ರಗಳು. ಹೋಗುವಾಗ ಮಾಸ್ಕ್ ಮತ್ತು ಯಂತ್ರವನ್ನು ಜೊತೆಗೆ ಒಯ್ಯುವುದು ಒಳ್ಳೆಯದು. ಎಷ್ಟು ಗಾಳಿ ಸೋರಿದೆ ಎಂಬ ದಾಖಲೆ ಅನೇಕ ಯಂತ್ರಗಳಲ್ಲಿಯೇ ಇರುತ್ತದೆ.

ಮಾಸ್ಕಿನಿಂದ ಬಂದ ಬಾವು ಸಾಮಾನ್ಯವಾಗಿ ಎದ್ದು ಕೆಲ ಹೊತ್ತಿನಲ್ಲಿ ಇಳಿಯುತ್ತದೆ. ದಿನವಿಡೀ ಇಳಿಯದಿದ್ದರೆ, ಕಾಲೂ ಊದಿಕೊಂಡರೆ ಅಥವಾ ಮೂತ್ರದಲ್ಲಿ ನೊರೆ ಕಂಡರೆ ಮೂತ್ರಪಿಂಡ, ಥೈರಾಯ್ಡ್ ಮತ್ತು ಹೃದಯದ ತಪಾಸಣೆ ಆಗಬೇಕು. ಒಂದೇ ಕಣ್ಣು ಊದಿ ನೋವು, ಜ್ವರ, ಮಂಜು ದೃಷ್ಟಿ ಕಾಣಿಸಿದರೆ ಅದೇ ದಿನ ವೈದ್ಯರನ್ನು ಕಾಣಬೇಕು. ಉಳಿದಂತೆ, ಮಾಸ್ಕ್ ಸರಿಹೋಗುವವರೆಗೂ ಚಿಕಿತ್ಸೆಯನ್ನು ಮುಂದುವರಿಸುವುದೇ ಕ್ಷೇಮ.