ಸಿಎನ್‌ಸಿ ರೂಟರ್ ಬಂದರೆ ಆಚಾರಿ ಬೇಡವೇ? ಮರಗೆಲಸದ ಯಂತ್ರದ ಬಗ್ಗೆ ಹರಿದಾಡುವ 6 ಮಾತುಗಳು ಮತ್ತು ನಿಜಾಂಶ

ಮರದ ಹಲಗೆಯ ಮೇಲೆ ಯಂತ್ರವೊಂದು ತಾನಾಗಿಯೇ ಗಣಪತಿಯನ್ನು ಕೆತ್ತುವ ವಿಡಿಯೊ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಅರ್ಧ ನಿಮಿಷದಲ್ಲಿ ಕೆತ್ತನೆ ಮುಗಿದಿರುತ್ತದೆ. ಜೊತೆಗೆ "ಮನೆಯಲ್ಲೇ ಕುಳಿತು ಲಕ್ಷ ಸಂಪಾದಿಸಿ", "ಇನ್ನು ಬಡಗಿಗಳಿಗೆ ಕೆಲಸವಿಲ್ಲ" ಎಂಬ ಬರಹವೂ ಇರುತ್ತದೆ. ಬಿ.ಸಿ.ರೋಡ್–ಬೆಳ್ತಂಗಡಿ ಹೆದ್ದಾರಿಯ ಪುಂಜಾಲಕಟ್ಟೆಯಂಥ ಪೇಟೆಯಲ್ಲಿ ಶೆಡ್ ಹಾಕಿ ಬಾಗಿಲು, ದಾರಂದ, ಮಂಚ ಮಾಡುವವರು ಇದನ್ನು ನಂಬಿ ಸಾಲ ಮಾಡುವ ಮೊದಲು ತಿಳಿಯಬೇಕಾದ ಸಂಗತಿಗಳು ಇಲ್ಲಿವೆ.

ಏನಿದು ಸಿಎನ್‌ಸಿ ರೂಟರ್?

ಕೈಯಲ್ಲಿ ಹಿಡಿದು ಓಡಿಸುವ ರೂಟರ್ ಎಲ್ಲ ಮರಗೆಲಸದವರಿಗೂ ಗೊತ್ತು. ಅದೇ ತಿರುಗುವ ಬಿಟ್ ಅನ್ನು ಮೋಟಾರುಗಳು ಎಡ–ಬಲ, ಹಿಂದೆ–ಮುಂದೆ, ಮೇಲೆ–ಕೆಳಗೆ ಒಯ್ದರೆ ಅದು ಸಿಎನ್‌ಸಿ ರೂಟರ್. ಎಲ್ಲಿಗೆ, ಎಷ್ಟು ವೇಗದಲ್ಲಿ ಹೋಗಬೇಕು ಎಂಬುದನ್ನು ಕಂಪ್ಯೂಟರ್ ಅಂಕಿಗಳಲ್ಲಿ ಹೇಳುತ್ತದೆ. ಈ ತಂತ್ರಜ್ಞಾನ ಹೊಸದಲ್ಲ. ಅಂಕಿಗಳ ಆದೇಶದಂತೆ ಲೋಹ ಕತ್ತರಿಸುವ ಯಂತ್ರವನ್ನು ಅಮೆರಿಕದ ಎಂಐಟಿ 1952ರಲ್ಲೇ ತೋರಿಸಿತ್ತು. ಬೆಲೆ ಇಳಿದ ಮೇಲೆ ಅದು ಸಣ್ಣ ಶೆಡ್‌ಗಳಿಗೂ ಬಂದಿದೆ. 8×4 ಅಡಿಯ ಪ್ಲೈವುಡ್ ಹಾಳೆ ಪೂರ್ತಿ ಹಿಡಿಯುವ ಯಂತ್ರಗಳೇ ಹೆಚ್ಚು ಬಳಕೆಯಲ್ಲಿವೆ.

ಮಾತು 1: "ಇನ್ನು ಆಚಾರಿ ಬೇಡ"

ತಪ್ಪು. ಯಂತ್ರ ಕತ್ತರಿಸುತ್ತದೆ, ಕೊರೆಯುತ್ತದೆ, ಕೆತ್ತುತ್ತದೆ. ಮರ ಆರಿಸುವುದು, ಒಣಗಿಸುವುದು, ನಾರಿನ ದಿಕ್ಕು ನೋಡುವುದು, ಜೋಡಿಸುವುದು, ಪಾಲಿಶ್ ಮಾಡುವುದು, ಸ್ಥಳದಲ್ಲಿ ಕೂರಿಸುವುದು ಕೈಕೆಲಸವಾಗಿಯೇ ಉಳಿಯುತ್ತವೆ.

ಸಣ್ಣ ಉದಾಹರಣೆ ನೋಡಿ. ಬಿಟ್ ದುಂಡಗೆ ತಿರುಗುವುದರಿಂದ ಒಳಮೂಲೆ ಚೌಕವಾಗಿ ಬರುವುದೇ ಇಲ್ಲ. 6 ಮಿ.ಮೀ. ಬಿಟ್ ಮೂಲೆಯಲ್ಲಿ 3 ಮಿ.ಮೀ. ತ್ರಿಜ್ಯದ ದುಂಡು ಬಿಡುತ್ತದೆ. ಕೂಡುಗಂಡಿ ಚೌಕವಾಗಬೇಕಾದರೆ ಕೊನೆಗೆ ಉಳಿಯೇ ಬೇಕು.

ಮೂಡುಬಿದಿರೆಯ ಚೌಟರ ಅರಮನೆಯ ಮರದ ಕಂಬಗಳಲ್ಲಿ ಒಂಬತ್ತು ಹೆಂಗಸರು ಸೇರಿ ಆನೆಯಾದ ನವನಾರಿ ಕುಂಜರವನ್ನೂ, ಐವರು ಸೇರಿ ಕುದುರೆಯಾದ ಪಂಚನಾರಿ ತುರಗವನ್ನೂ ಕೆತ್ತಲಾಗಿದೆ. ಅಂಥ ವಿನ್ಯಾಸದ ಫೈಲ್ ಇದ್ದರೆ ಮೂರು ದಿಕ್ಕಿನ ಯಂತ್ರ ಅದರ ಉಬ್ಬುಶಿಲ್ಪದ ಪ್ರತಿಯನ್ನು ಎಷ್ಟು ಬೇಕಾದರೂ ತೆಗೆಯಬಲ್ಲದು. ಆದರೆ ಬಿಟ್ ಮೇಲಿನಿಂದಷ್ಟೇ ಇಳಿಯುತ್ತದೆ. ಹಿಂಬದಿಗೆ ಒಳಸರಿದ ಭಾಗವನ್ನು ಅದು ಮುಟ್ಟಲಾರದು. ಐವರನ್ನು ಕುದುರೆಯಾಗಿ ಕಂಡ ಕಣ್ಣಂತೂ ಯಂತ್ರಕ್ಕಿಲ್ಲ.

ಮಾತು 2: "ಅರ್ಧ ಗಂಟೆಗೊಂದು ಕೆತ್ತನೆ"

ವಿಡಿಯೊಗಳನ್ನು ವೇಗ ಹೆಚ್ಚಿಸಿ ತೋರಿಸುತ್ತಾರೆ. ನೀವೇ ಲೆಕ್ಕ ಹಾಕಿ. 600×600 ಮಿ.ಮೀ. ಅಳತೆಯ ಉಬ್ಬುಚಿತ್ರ ನುಣುಪಾಗಿ ಬರಲು ಬಿಟ್ ಪ್ರತಿ ಸಲ 0.5 ಮಿ.ಮೀ. ಸರಿದರೆ 1,200 ಗೆರೆ ಎಳೆಯಬೇಕು. ಪ್ರತಿ ಗೆರೆ 600 ಮಿ.ಮೀ. ಎಂದರೆ ಒಟ್ಟು 720 ಮೀಟರ್. ನಿಮಿಷಕ್ಕೆ 3 ಮೀಟರ್ ವೇಗದಲ್ಲಿ ಅದೊಂದಕ್ಕೇ 4 ಗಂಟೆ. ಮೊದಲು ಒರಟಾಗಿ ಮರ ತೆಗೆಯುವ ಸಮಯ ಬೇರೆ, ಕೊನೆಗೆ ಮರಳುಕಾಗದ ತಿಕ್ಕುವ ಸಮಯ ಬೇರೆ. ಬೆಲೆ ಹೇಳುವಾಗ ಈ ಲೆಕ್ಕ ಮರೆತರೆ ನಷ್ಟ ಖಚಿತ.

ಮಾತು 3: "ನಿಧಾನ ಓಡಿಸಿದರೆ ಬಿಟ್ ಬಾಳುತ್ತದೆ"

ಕೇಳಲು ಸರಿ ಎನಿಸಿದರೂ ಆಗುವುದು ಬಹುಮಟ್ಟಿಗೆ ಉಲ್ಟಾ. ಬಿಟ್‌ನ ಪ್ರತಿ ಅಲಗು ಒಂದು ಸುತ್ತಿಗೆ ಒಂದಿಷ್ಟು ಮರ ಕಚ್ಚಬೇಕು. ನಿಮಿಷಕ್ಕೆ 18,000 ಸುತ್ತು, 2 ಅಲಗು, ಪ್ರತಿ ಅಲಗಿಗೆ 0.1 ಮಿ.ಮೀ. ಎಂದರೆ ವೇಗ ನಿಮಿಷಕ್ಕೆ 3,600 ಮಿ.ಮೀ. ಸುತ್ತು ಅಷ್ಟೇ ಇಟ್ಟು ವೇಗವನ್ನು 600ಕ್ಕೆ ಇಳಿಸಿದರೆ ಅಲಗಿಗೆ ಸಿಗುವುದು ಸುಮಾರು 0.017 ಮಿ.ಮೀ. ಮಾತ್ರ. ಆಗ ಬಿಟ್ ಕತ್ತರಿಸುವುದಿಲ್ಲ, ತಿಕ್ಕುತ್ತದೆ. ಮರ ಕಪ್ಪಾಗುತ್ತದೆ, ಬಿಟ್ ಮೊಂಡಾಗುತ್ತದೆ. ಕಿಡಿ ಹುಡಿಯ ಚೀಲ ಸೇರಿದರೆ ಬೆಂಕಿಯೂ ಹತ್ತಬಹುದು. ಗಟ್ಟಿ ಮರಕ್ಕೆ ವೇಗ ಇಳಿಸಲೇಬೇಕಾದರೆ ಸುತ್ತನ್ನೂ ಇಳಿಸಿ, ಆಳ ಕಡಿಮೆ ಮಾಡಿ.

ಮಾತು 4: "ಕೂದಲೆಳೆಯಷ್ಟೂ ವ್ಯತ್ಯಾಸ ಬರುವುದಿಲ್ಲ"

ಯಂತ್ರದಲ್ಲಿ ಬಾರದಿರಬಹುದು, ಮರದಲ್ಲಿ ಬರುತ್ತದೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆಯಾಗುವ ಜಿಲ್ಲೆ ನಮ್ಮದು. ಆಟಿ ತಿಂಗಳಲ್ಲಿ ಬಾಗಿಲು ಉಬ್ಬಿ ದಾರಂದಕ್ಕೆ ಕಚ್ಚಿಕೊಳ್ಳುವುದು ಇಲ್ಲಿ ಮನೆಮನೆಯ ಅನುಭವ. ಮರದ ತೇವಾಂಶ ಶೇ. 5ರಷ್ಟು ಬದಲಾದರೆ 300 ಮಿ.ಮೀ. ಅಗಲದ ಹಲಗೆ ಅಡ್ಡಕ್ಕೆ ಸುಮಾರು 3 ಮಿ.ಮೀ. ಹಿಗ್ಗಬಹುದು ಅಥವಾ ಕುಗ್ಗಬಹುದು. ಉದ್ದಕ್ಕೆ ಹೆಚ್ಚೇನೂ ಆಗದು. ಸರಿಯಾಗಿ ಒಣಗದ ಹಲಸನ್ನೋ ಹೆಬ್ಬಲಸನ್ನೋ ಎಷ್ಟು ನಿಖರವಾಗಿ ಕತ್ತರಿಸಿದರೂ ಅದು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ದುಬಾರಿ ಯಂತ್ರದ ಪಕ್ಕದಲ್ಲಿ ಒಂದು ತೇವಾಂಶ ಮಾಪಕವೂ ಇರಲಿ.

ಮಾತು 5: "ಮರದ ಹುಡಿ ತಾನೇ, ಏನಾಗುತ್ತದೆ?"

ಇದು ಎಲ್ಲಕ್ಕಿಂತ ಅಪಾಯದ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಹುಡಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮೂಗು ಮತ್ತು ಅದರ ಸುತ್ತಲಿನ ಕುಹರಗಳ ಕ್ಯಾನ್ಸರ್‌ಗೆ ಇದರ ನಂಟಿದೆ. ಅಸ್ತಮಾ, ಚರ್ಮದ ಅಲರ್ಜಿಯೂ ಬರಬಹುದು. ಹುಡಿ ಕಂಡ ಮಾತ್ರಕ್ಕೆ ಕಾಯಿಲೆ ಬರುತ್ತದೆಂದಲ್ಲ. ವರ್ಷಗಟ್ಟಲೆ ಉಸಿರಾಡಿದರೆ ಅಪಾಯ ಏರುತ್ತದೆ.

ಕಣ್ಣಿಗೆ ಕಾಣುವ ದಪ್ಪ ಹುಡಿಗಿಂತ ಗಾಳಿಯಲ್ಲಿ ತೇಲುವ ನುಣ್ಣನೆಯದೇ ಹೆಚ್ಚು ಕೆಟ್ಟದ್ದು. ಮುಖಕ್ಕೆ ಸುತ್ತಿದ ಬೈರಾಸು ಅದನ್ನು ತಡೆಯದು. ಬಿಟ್ ಬಳಿಯೇ ಹುಡಿ ಎಳೆಯುವ ಕೊಳವೆ ಅಳವಡಿಸಿ, ಎನ್95 ಮಾಸ್ಕ್ ಧರಿಸಿ, ಕಂಪ್ರೆಸರ್ ಗಾಳಿಯಿಂದ ಹುಡಿ ಹಾರಿಸಬೇಡಿ. ಎಂಡಿಎಫ್ ಕತ್ತರಿಸುವಾಗ ಇನ್ನೂ ಎಚ್ಚರ ಬೇಕು, ಅದರ ಅಂಟಿನಲ್ಲಿ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಇರುತ್ತದೆ. ದಿನಕ್ಕೆ 8 ಗಂಟೆ 85 ಡೆಸಿಬೆಲ್ ದಾಟಿದ ಸದ್ದು ಕಿವಿಗೆ ಹಾನಿ ಮಾಡಬಲ್ಲದು. ಹಾಗಾಗಿ ಕಿವಿರಕ್ಷಕವೂ ಬೇಕು. ತಿರುಗುವ ಬಿಟ್ ಬಳಿ ಕೈಗವಸು ಮಾತ್ರ ಬೇಡ, ಅದು ಸಿಕ್ಕಿಕೊಂಡು ಕೈಯನ್ನೇ ಎಳೆಯುತ್ತದೆ.

ಮಾತು 6: "ಸರ್ಕಾರ ಯಂತ್ರವನ್ನು ಉಚಿತವಾಗಿ ಕೊಡುತ್ತದೆ"

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಇದೆ. ಅದರಲ್ಲಿ ಸಿಗುವುದು ಉಪಕರಣಗಳಿಗೆ ₹15,000 ಮತ್ತು ಶೇ. 5 ಬಡ್ಡಿಯಲ್ಲಿ ಮೊದಲು ₹1 ಲಕ್ಷ, ನಂತರ ₹2 ಲಕ್ಷದವರೆಗೆ ಸಾಲ. ಹೊಸ ಉದ್ದಿಮೆಗೆ ಪಿಎಂಇಜಿಪಿ ಯೋಜನೆಯಿದೆ. ಅದರ ತಯಾರಿಕಾ ಘಟಕಗಳ ಮಿತಿಯನ್ನು 2022ರಲ್ಲಿ ₹50 ಲಕ್ಷಕ್ಕೆ ಏರಿಸಲಾಯಿತು. ವರ್ಗ ಮತ್ತು ಸ್ಥಳ ನೋಡಿ ಶೇ. 15ರಿಂದ 35ರಷ್ಟು ಸಹಾಯಧನ ಬರುತ್ತದೆ, ಉಳಿದದ್ದು ಸಾಲ ಮತ್ತು ಸ್ವಂತ ಹಣ. ಯಾವುದರಲ್ಲೂ ಲಿಂಕ್ ಒತ್ತಿದರೆ ಯಂತ್ರ ಮನೆಗೆ ಬರುವುದಿಲ್ಲ. ಈಗಿನ ನಿಯಮವನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿ. ಸ್ವಉದ್ಯೋಗದ ತರಬೇತಿಗೆ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಪಕ್ಕದ ಉಜಿರೆಯಲ್ಲೇ ಇದೆ.

ಕೊಳ್ಳುವ ಮೊದಲು ಈ ಲೆಕ್ಕ ಹಾಕಿ

₹5 ಲಕ್ಷ ಸಾಲ, ಶೇ. 12 ಬಡ್ಡಿ, 5 ವರ್ಷ ಎಂದುಕೊಳ್ಳಿ. ತಿಂಗಳ ಕಂತು ಸುಮಾರು ₹11,100. ಯಂತ್ರ ತಿಂಗಳಿಗೆ 100 ಗಂಟೆ ಓಡಿದರೆ ಕಂತಿನ ಭಾರ ಗಂಟೆಗೆ ₹111, 50 ಗಂಟೆಯಷ್ಟೇ ಓಡಿದರೆ ₹222. ವಿದ್ಯುತ್, ಬಿಟ್, ಕೂಲಿ, ರಿಪೇರಿ ಇದರ ಮೇಲೆ.

• ತಿಂಗಳಿಗೆ ಎಷ್ಟು ಗಂಟೆ ಕೆಲಸ ಖಚಿತವಾಗಿ ಸಿಗುತ್ತದೆ? ಮೊದಲ ಕೆಲವು ತಿಂಗಳು ಯಂತ್ರ ಇರುವವರಿಗೆ ಕೂಲಿ ಕೊಟ್ಟು ಕೆತ್ತಿಸಿ ನೋಡಿ.
• ವಿನ್ಯಾಸದ ಸಾಫ್ಟ್‌ವೇರ್ ಕಲಿಯುವವರು ಮನೆಯಲ್ಲಿ ಯಾರು?
• ಮೂರು ಫೇಸ್ ವಿದ್ಯುತ್ ಬೇಕೇ ಎಂದು ಮಾರಾಟಗಾರರನ್ನು ಕೇಳಿ, ಸಂಪರ್ಕ ಸಿಗುವುದೇ ಎಂದು ಮೆಸ್ಕಾಂನಲ್ಲಿ ವಿಚಾರಿಸಿ.
• ಅರ್ಥಿಂಗ್ ಸರಿಯಿದೆಯೇ? ಸಿಡಿಲು–ಗುಡುಗು ಇದ್ದಾಗ ಯಂತ್ರದ ಪ್ಲಗ್ ತೆಗೆಯಿರಿ.
• ಕೆಟ್ಟರೆ ದುರಸ್ತಿಗೆ ಎಷ್ಟು ದಿನದಲ್ಲಿ ಜನ ಬರುತ್ತಾರೆ? ಅದನ್ನು ಬರಹದಲ್ಲಿ ಪಡೆಯಿರಿ.

ಒಟ್ಟಿನಲ್ಲಿ

ಒಂದೇ ವಿನ್ಯಾಸದ ಬಾಗಿಲುಗಳು, ಅಡುಗೆಮನೆ ಕಪಾಟಿನ ಹಲಗೆಗಳು, ಜಾಲರಿ, ನಾಮಫಲಕ ಇಂಥ ಮರುಕಳಿಸುವ ಕೆಲಸ ಸಾಕಷ್ಟಿದ್ದರೆ ಸಿಎನ್‌ಸಿ ರೂಟರ್ ಒಳ್ಳೆಯ ಸಹಾಯಕ. ಅಪರೂಪಕ್ಕೊಂದು ಕೆತ್ತನೆಗಾಗಿ ಸಾಲ ಮಾಡುವುದು ಜಾಣತನವಲ್ಲ. ಮುಂದೆ ಆ ವಿಡಿಯೊ ಬಂದಾಗ ಫಾರ್ವರ್ಡ್ ಮಾಡುವ ಮೊದಲು 4 ಗಂಟೆಯ ಲೆಕ್ಕವನ್ನೂ ಅದರ ಜೊತೆ ಕಳಿಸಿ. ನಿಮ್ಮ ಪರಿಚಯದ ಆಚಾರಿಯೊಬ್ಬರ ಸಾಲ ಅದರಿಂದ ತಪ್ಪಬಹುದು.